ಹಿಮಾಲಯ ಕರಗುವ ಇಸವಿ

ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿ 2007ರಲ್ಲಿ ತನ್ನ ನಾಲ್ಕನೇ ವರದಿ ಹೊರತಂದಿತು. ಅದರ ಎರಡನೇ ಸಂಪುಟವೊಂದಕ್ಕೇ 938 ಪುಟ. ಹತ್ತನೇ ಅಧ್ಯಾಯ ಏಷ್ಯಾ ಖಂಡದ್ದು, ಅದರೊಳಗೆ ಹಿಮಾಲಯದ ಹಿಮನದಿಗಳಿಗೆಂದೇ ಒಂದು ಸಣ್ಣ ಭಾಗವಿದೆ. ಹವಾಮಾನ ವಿಜ್ಞಾನದ ಮೇಲೆ ಜನಕ್ಕೆ ಅನುಮಾನ ಹೇಗೆ ಬೆಳೆಯಿತು ಎಂದು ತಿಳಿಯಬೇಕಾದವರು ಈ ಒಂದೆರಡು ಪುಟಗಳನ್ನು ನಿಧಾನವಾಗಿ ಓದಬೇಕು.

ಭೂಮಿ ಹೀಗೇ ಬಿಸಿಯಾಗುತ್ತ ಹೋದರೆ ಹಿಮಾಲಯದ ಹಿಮನದಿಗಳು 2035ರೊಳಗೆ, ಬಹುಶಃ ಅದಕ್ಕೂ ಮೊದಲೇ, ಇಲ್ಲವಾಗುವ ಸಂಭವ ತೀರಾ ಹೆಚ್ಚು ಎಂಬ ಅರ್ಥದ ಮಾತು ಅಲ್ಲಿದೆ. ಅದರ ಬೆನ್ನಿಗೇ ಇನ್ನೊಂದು ವಾಕ್ಯ: ಅವುಗಳ ವಿಸ್ತೀರ್ಣ ಈಗಿನ 5 ಲಕ್ಷ ಚದರ ಕಿಲೋಮೀಟರಿನಿಂದ 2035ಕ್ಕೆ 1 ಲಕ್ಷಕ್ಕೆ ಇಳಿಯಲಿದೆ. ಪೂರ್ತಿ ಇಲ್ಲವಾಗುವುದಾದರೆ ಒಂದು ಲಕ್ಷ ಉಳಿಯುವುದು ಹೇಗೆ? ಅದೂ ಹೋಗಲಿ, ಇದೇ ಭಾಗದ ಆರಂಭದಲ್ಲಿ ಹಿಮಾಲಯದ ಹಿಮನದಿಗಳು ಹರಡಿರುವುದು ಸುಮಾರು 30 ಲಕ್ಷ ಹೆಕ್ಟೇರಿನಲ್ಲಿ ಎಂದು ಬರೆದಿದೆ. ಅಂದರೆ 30,000 ಚದರ ಕಿಲೋಮೀಟರ್. 5 ಲಕ್ಷ ಎಲ್ಲಿಂದ ಬಂತು?

ಅಲ್ಲೇ ಒಂದು ಕೋಷ್ಟಕವೂ ಇದೆ. ಉತ್ತರಾಖಂಡದ ಪಿಂಡಾರಿ ಹಿಮನದಿ 1845ರಿಂದ 1966ರವರೆಗೆ 2,840 ಮೀಟರ್ ಹಿಂದೆ ಸರಿದಿದೆ, ವರ್ಷಕ್ಕೆ ಸರಾಸರಿ 135.2 ಮೀಟರ್ ಎಂದು ಅದರಲ್ಲಿ ಅಚ್ಚಾಗಿತ್ತು. 2,840ನ್ನು 121 ವರ್ಷಕ್ಕೆ ಭಾಗಿಸಿದರೆ ಬರುವುದು ಸುಮಾರು 23.5. ಬರೆದವರು 121ರ ಬದಲು 21ರಿಂದ ಭಾಗಿಸಿದ್ದಾರೆ. ಏಳನೇ ತರಗತಿಯ ಮಕ್ಕಳು ಹಿಡಿಯಬಲ್ಲ ಈ ತಪ್ಪು, ಆ ವರ್ಷ ನೊಬೆಲ್ ಶಾಂತಿ ಪ್ರಶಸ್ತಿ ಹಂಚಿಕೊಂಡ ಸಮಿತಿಯ ವರದಿಯಲ್ಲಿ ಹಾಗೇ ಉಳಿದುಹೋಯಿತು.

2035 ಎಂಬ ಇಸವಿಯ ಮೂಲ ಹುಡುಕುತ್ತ ಹೋದರೆ ದಾರಿ ಮಾಸ್ಕೋಗೆ ಮುಟ್ಟುತ್ತದೆ. ರಷ್ಯಾದ ಹೆಸರಾಂತ ಹಿಮವಿಜ್ಞಾನಿ ವ್ಲಾದಿಮಿರ್ ಕೋತ್ಲ್ಯಾಕೋವ್ 1996ರಲ್ಲಿ ಯುನೆಸ್ಕೊಗಾಗಿ ಒಂದು ವರದಿ ಸಂಪಾದಿಸಿದ್ದರು. ಧ್ರುವ ಪ್ರದೇಶಗಳನ್ನು ಬಿಟ್ಟು ಇಡೀ ಭೂಮಿಯ ಮೇಲಿರುವ ಹಿಮನದಿಗಳ ವಿಸ್ತೀರ್ಣ 5 ಲಕ್ಷ ಚದರ ಕಿಲೋಮೀಟರಿನಿಂದ 1 ಲಕ್ಷಕ್ಕೆ ಇಳಿಯಬಹುದು ಎಂದು ಅದರಲ್ಲಿತ್ತು. ಅವರು ಕೊಟ್ಟ ಇಸವಿ 2350.

ಮೂರು ವರ್ಷದ ನಂತರ, 1999ರ ಏಪ್ರಿಲ್‌ನಲ್ಲಿ, ದೆಹಲಿಯ ಪರಿಸರ ಪತ್ರಿಕೆ ‘ಡೌನ್ ಟು ಅರ್ಥ್’ ಹಿಮಾಲಯದ ಹಿಮನದಿಗಳ ಮೇಲೆ ಲೇಖನ ಪ್ರಕಟಿಸಿತು. ಕೋತ್ಲ್ಯಾಕೋವ್ ಅವರ ಮಾತು ಅದರಲ್ಲಿ ಬಂತು, ಆದರೆ 2350 ಅಲ್ಲಿ 2035 ಆಗಿತ್ತು, ಇಡೀ ಭೂಮಿಯ ಲೆಕ್ಕ ಹಿಮಾಲಯದ ಲೆಕ್ಕವಾಗಿತ್ತು. ಅದೇ ವರ್ಷ ಜೂನ್‌ನಲ್ಲಿ ಲಂಡನ್ನಿನ ‘ನ್ಯೂ ಸೈಂಟಿಸ್ಟ್’ ವಾರಪತ್ರಿಕೆ, ಆಗ ಜವಾಹರಲಾಲ್ ನೆಹರು ವಿಶ್ವವಿದ್ಯಾಲಯದಲ್ಲಿದ್ದ ಹಿಮವಿಜ್ಞಾನಿ ಸೈಯದ್ ಇಕ್ಬಾಲ್ ಹಸ್ನೈನ್ ಅವರನ್ನು ಮಾತನಾಡಿಸಿ ಅದೇ 2035ನ್ನು ಅಚ್ಚುಹಾಕಿತು. ಹಸ್ನೈನ್ ಸಿದ್ಧಪಡಿಸಿದ್ದ ವೈಜ್ಞಾನಿಕ ವರದಿಯಲ್ಲಿ ಆ ಇಸವಿ ಇರಲಿಲ್ಲ, ಅದು ಊಹೆಯ ಮಾತಾಗಿತ್ತು ಎನ್ನುವುದು ಹೊರಬರಲು ಹತ್ತು ವರ್ಷ ಬೇಕಾಯಿತು. 2005ರಲ್ಲಿ ವಿಶ್ವ ವನ್ಯಜೀವಿ ನಿಧಿಯ (ಡಬ್ಲ್ಯುಡಬ್ಲ್ಯುಎಫ್) ನೇಪಾಳ ಶಾಖೆ ತನ್ನ ಕಿರುಹೊತ್ತಿಗೆಯಲ್ಲಿ ‘ನ್ಯೂ ಸೈಂಟಿಸ್ಟ್’ ಮಾತನ್ನು ಎತ್ತಿಕೊಂಡಿತು. ಐಪಿಸಿಸಿಯವರು ಆ ಹೊತ್ತಿಗೆಯನ್ನೇ ಆಧಾರವೆಂದು ಉಲ್ಲೇಖಿಸಿದರು. ಯಾರೂ ಹಿಂದಕ್ಕೆ ಹೋಗಿ ಮೂಲ ಪುಸ್ತಕ ತೆರೆದು ನೋಡಲಿಲ್ಲ.

ಎಚ್ಚರಿಸಿದವರು ಇರಲಿಲ್ಲವೆಂದಲ್ಲ. ಕರಡನ್ನು ಪರಿಶೀಲಿಸಿದ ಬ್ರಿಟನ್ನಿನ ಹೇಲಿ ಫೌಲರ್, ಕಾರಾಕೋರಂನ ದೊಡ್ಡ ಹಿಮನದಿಗಳು ಬೆಳೆಯುತ್ತಿರುವುದಕ್ಕೆ ಅಳತೆಗಳಿವೆ ಎಂದು ತೋರಿಸಿಕೊಟ್ಟಿದ್ದರು. ಆ ಪ್ರಬಂಧ ಸಿಗಲಿಲ್ಲ ಎಂಬ ಉತ್ತರ ಬಂತು. ಜಪಾನ್ ಸರ್ಕಾರ ಈ ಭಾಗದ ಬಗ್ಗೆ ಪ್ರಶ್ನೆ ಎತ್ತಿತ್ತು. ಆಸ್ಟ್ರಿಯಾದ ಹಿಮವಿಜ್ಞಾನಿ ಗಿಯೋರ್ಗ್ ಕಾಸರ್ ತಾವು 2006ರಲ್ಲೇ ತಪ್ಪನ್ನು ಗಮನಕ್ಕೆ ತಂದಿದ್ದಾಗಿ ಆಮೇಲೆ ಹೇಳಿದರು. ಆದರೂ ವಾಕ್ಯ ಅಚ್ಚಿಗೆ ಹೋಯಿತು.

2009ರ ನವೆಂಬರ್‌ನಲ್ಲಿ ಜಗಳ ಬೀದಿಗೆ ಬಂತು. ಆಗ ಕೇಂದ್ರದ ಪರಿಸರ ಸಚಿವರಾಗಿದ್ದವರು ಜೈರಾಮ್ ರಮೇಶ್, ಹುಟ್ಟಿದ್ದು ನಮ್ಮ ಚಿಕ್ಕಮಗಳೂರಿನಲ್ಲಿ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ನಿವೃತ್ತ ಉಪ ಮಹಾನಿರ್ದೇಶಕ ವಿ.ಕೆ. ರೈನಾ ಬರೆದ ಚರ್ಚಾ ಪ್ರಬಂಧವೊಂದನ್ನು ಅವರು ಬಿಡುಗಡೆ ಮಾಡಿದರು. ರೈನಾ ಹಿಮನದಿಗಳನ್ನು ಹತ್ತಿ ಇಳಿದು ವಯಸ್ಸಾದವರು. ಗಂಗೋತ್ರಿ ಹಿಮನದಿಯ ಮೂತಿ (ಕೆಳತುದಿ) 2000ದವರೆಗೆ ವರ್ಷಕ್ಕೆ ಸುಮಾರು 20 ಮೀಟರ್ ಹಿಂದೆ ಸರಿಯುತ್ತಿತ್ತು, ಬರಬರುತ್ತ ನಿಧಾನವಾಗಿ, 2007ರ ಸೆಪ್ಟೆಂಬರ್‌ನಿಂದ 2009ರ ಜೂನ್‌ವರೆಗೆ ಹೆಚ್ಚುಕಡಿಮೆ ನಿಂತೇ ಬಿಟ್ಟಿದೆ ಎಂದು ಅವರು ಬರೆದಿದ್ದರು. ಭೂಮಿ ಬಿಸಿಯಾಗಿದ್ದರಿಂದಲೇ ಹಿಮಾಲಯದ ಹಿಮ ಅಸಹಜವಾಗಿ ಕರಗುತ್ತಿದೆ ಎಂದು ಈಗಲೇ ತೀರ್ಮಾನಿಸುವುದು ಆತುರವಾದೀತು ಎನ್ನುವುದು ಅವರ ನಿಲುವು.

ಐಪಿಸಿಸಿಯ ಆಗಿನ ಅಧ್ಯಕ್ಷ ರಾಜೇಂದ್ರ ಪಚೌರಿ ಕೆಂಡಾಮಂಡಲವಾದರು. ಸಚಿವರದು ಅಹಂಕಾರ ಎಂದರು, ರೈನಾ ಪ್ರಬಂಧವನ್ನು ‘ವೂಡೂ ವಿಜ್ಞಾನ’ ಎಂದು ಜರೆದರು, ಮಾಟ ಮಂತ್ರ ಅಂತ.

ನನ್ನ ಪ್ರಕಾರ ಇಡೀ ಪ್ರಕರಣದಲ್ಲಿ ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡಿದ್ದು ಈ ಮಾತು. ರೈನಾ ಹೇಳಿದ್ದೆಲ್ಲ ಸರಿ ಎಂದು ನಾನು ವಾದಿಸುತ್ತಿಲ್ಲ. ದಿನಾ ಬಳಸುವ ಸಾಬೂನು ಉದ್ದದಲ್ಲಿ ಹಾಗೇ ಇದ್ದು ದಪ್ಪದಲ್ಲಿ ಸವೆಯುವಂತೆ ಹಿಮನದಿಯೂ ಸವೆಯಬಹುದು. ಮೂತಿ ಎರಡು ವರ್ಷ ನಿಂತಿತೆಂದರೆ ಹಿಮ ಕರಗಲಿಲ್ಲ ಎಂದಾಗುವುದಿಲ್ಲ. ಈಗ ಕಾಣುವ ಬದಲಾವಣೆ ಸಾವಿರಾರು ವರ್ಷ ಹಿಂದಿನ ಹವಾಮಾನದ ಫಲವಿರಬಹುದು ಎಂಬ ಅವರ ಮಾತನ್ನು ಬೇರೆ ತಜ್ಞರು ಒಪ್ಪಲೇ ಇಲ್ಲ. ಆದರೆ 2035ರ ವಿಚಾರದಲ್ಲಿ ಅವರ ಅನುಮಾನ ನ್ಯಾಯವಾದದ್ದು. ನೂರಾರು ಮೀಟರ್ ದಪ್ಪದ ಹಿಮ ಮೂವತ್ತು ವರ್ಷದೊಳಗೆ ಪೂರ್ತಿ ಕರಗಲಾರದೆಂದು, ಅದರ ಮೇಲೆ ನಡೆದಾಡಿದ ಯಾರಿಗಾದರೂ ಗೊತ್ತು. ಆಗ ಆಗಬೇಕಾಗಿದ್ದು ಒಂದೇ ಕೆಲಸ: ತಮ್ಮದೇ ವರದಿ ತೆಗೆದು ಆಧಾರ ನೋಡುವುದು. ಬೈಗುಳ ಮೊದಲು ಬಂತು, ಪರಿಶೀಲನೆ ಎರಡು ತಿಂಗಳ ನಂತರ.

ಆ ಎರಡು ತಿಂಗಳು ಎಂಥವು ಎನ್ನುವುದೂ ಮುಖ್ಯ. ಅದೇ ನವೆಂಬರ್‌ನಲ್ಲಿ ಇಂಗ್ಲೆಂಡಿನ ಈಸ್ಟ್ ಆ್ಯಂಗ್ಲಿಯಾ ವಿಶ್ವವಿದ್ಯಾಲಯದ ಹವಾಮಾನ ಘಟಕದಿಂದ ಸಾವಿರಕ್ಕೂ ಹೆಚ್ಚು ಇಮೇಲ್‌ಗಳು ಕಳುವಾಗಿ ಇಂಟರ್‌ನೆಟ್‌ಗೆ ಬಿದ್ದವು. ವಿಜ್ಞಾನಿಗಳು ತಮ್ಮತಮ್ಮಲ್ಲಿ ಆಡಿಕೊಂಡ ಮಾತುಗಳಿಂದ ಒಂದೊಂದು ಸಾಲು ಕಿತ್ತು ತಂದು, ಅಂಕಿ ಅಂಶ ತಿದ್ದುತ್ತಿದ್ದಾರೆಂದು ಗುಲ್ಲೆಬ್ಬಿಸಲಾಯಿತು. ಡಿಸೆಂಬರ್‌ನಲ್ಲಿ ಕೋಪನ್‌ಹೇಗನ್ ಶೃಂಗಸಭೆ ಬಹುತೇಕ ಬರಿಗೈಯಲ್ಲಿ ಮುಗಿಯಿತು. ವಿಜ್ಞಾನಿಗಳ ಪ್ರಾಮಾಣಿಕತೆಯಲ್ಲಿ ಲೋಪವಿಲ್ಲ, ಮಾಹಿತಿ ಹಂಚಿಕೊಳ್ಳುವ ಮನಸ್ಸು ಮಾತ್ರ ಸಾಲದಾಗಿತ್ತು ಎಂದು 2010ರ ಜುಲೈನಲ್ಲಿ ಮ್ಯೂರ್ ರಸೆಲ್ ನೇತೃತ್ವದ ತನಿಖೆ ಹೇಳಿತು. ಅಷ್ಟರಲ್ಲಿ ಜನ ತಮ್ಮ ತೀರ್ಮಾನಕ್ಕೆ ಬಂದಾಗಿತ್ತು.

ಕೆನಡಾದ ಟ್ರೆಂಟ್ ವಿಶ್ವವಿದ್ಯಾಲಯದ ಗ್ರಹಾಂ ಕೋಗ್ಲಿ ಈ ಗದ್ದಲದ ನಡುವೆ ಸದ್ದಿಲ್ಲದೆ ಕುಳಿತು ಉಲ್ಲೇಖಗಳ ಎಳೆ ಹಿಡಿದು ಹಿಂದೆ ಹಿಂದೆ ಹೋದರು. ಅಂಕಿಗಳು ಸ್ಥಳ ಬದಲಿಸಿದ್ದನ್ನು ತೋರಿಸಿದವರು ಅವರು. ವಿಜ್ಞಾನ ಪತ್ರಕರ್ತ ಪಲ್ಲವ ಬಾಗ್ಲಾ ಡಿಸೆಂಬರ್ ಮೊದಲ ವಾರ ಬಿಬಿಸಿಯಲ್ಲಿ ಅದನ್ನು ವರದಿ ಮಾಡಿದರು. ಜನವರಿಯಲ್ಲಿ ಲಂಡನ್ನಿನ ‘ಸಂಡೇ ಟೈಮ್ಸ್’ ದೊಡ್ಡ ಸುದ್ದಿ ಮಾಡಿತು. 2010ರ ಜನವರಿ 20ರಂದು ಐಪಿಸಿಸಿ ವಿಷಾದ ವ್ಯಕ್ತಪಡಿಸಿತು. ತಪ್ಪು ಹಿಡಿದವರು ಹವಾಮಾನ ವಿಜ್ಞಾನದ ವಿರೋಧಿಗಳಲ್ಲ, ಹಿಮವಿಜ್ಞಾನಿಗಳೇ. ಈ ಸಂಗತಿಯನ್ನು ಆಗಲೂ ಹೆಚ್ಚು ಜನ ಎತ್ತಿ ಹೇಳಲಿಲ್ಲ, ಈಗಲೂ ಹೇಳುವುದಿಲ್ಲ.

ಭೂಮಿ ಬಿಸಿಯಾಗುವ ಸುದ್ದಿಯನ್ನು ಉತ್ಪ್ರೇಕ್ಷೆ ಮಾಡಲಾಗುತ್ತಿದೆ ಎನ್ನುವ ಅಮೆರಿಕನ್ನರು 2009ರ ಗ್ಯಾಲಪ್ ಸಮೀಕ್ಷೆಯಲ್ಲಿ ಶೇ 41ರಷ್ಟಿದ್ದರು, ಮರುವರ್ಷ ಶೇ 48. ಹಿಮಾಲಯದ ಒಂದು ವಾಕ್ಯದಿಂದಲೇ ಹೀಗಾಯಿತು ಎನ್ನಲಾಗದು. ಅನುಮಾನಕ್ಕೆ ಹಣ ಹಾಕಿ ಬೆಳೆಸಿದವರು ಮೊದಲೇ ಇದ್ದರು. ತೈಲ, ಕಲ್ಲಿದ್ದಲು, ವಾಹನ ಕಂಪನಿಗಳು 1989ರಲ್ಲಿ ಕಟ್ಟಿಕೊಂಡ ‘ಗ್ಲೋಬಲ್ ಕ್ಲೈಮೇಟ್ ಕೊಯಲಿಷನ್’ 2002ರವರೆಗೆ ಅದೇ ಕೆಲಸ ಮಾಡಿತು. ಈ ವಿಜ್ಞಾನದಲ್ಲಿ ಖಚಿತತೆಯಿಲ್ಲ ಎಂದು ಸಾಮಾನ್ಯ ಜನರಿಗೆ ಅನ್ನಿಸುವಂತೆ ಮಾಡುವುದೇ ಗುರಿಯೆಂದು ಅಮೆರಿಕದ ಪೆಟ್ರೋಲಿಯಂ ಉದ್ಯಮದ ವಲಯದಲ್ಲಿ 1998ರಲ್ಲಿ ತಯಾರಾದ ಯೋಜನೆಯಲ್ಲೇ ಬರೆದಿತ್ತು. ಅಂಥವರ ಕೈಗೆ 2035 ತಾನಾಗಿ ಬಂದು ಬಿತ್ತು.

ನನ್ನ ಸಂಕಟ ಬೇರೆ. ಸರಿಯಾದ ಅಂಕಿ ಆಗಲೇ ಅಚ್ಚಾಗಿತ್ತು, ಅದೂ ನಮ್ಮ ಬೆಂಗಳೂರಿನಲ್ಲಿ. 1932ರಿಂದ ಇಲ್ಲಿಂದಲೇ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯ 2007ರ ಜನವರಿ ಸಂಚಿಕೆಯಲ್ಲಿ ಅನಿಲ್ ಕುಲಕರ್ಣಿ ಮತ್ತು ಸಂಗಡಿಗರ ಪ್ರಬಂಧವಿದೆ. ಕುಲಕರ್ಣಿ ಆಗ ಅಹಮದಾಬಾದಿನಲ್ಲಿ ಇಸ್ರೊದ ಬಾಹ್ಯಾಕಾಶ ಅನ್ವಯಿಕ ಕೇಂದ್ರದಲ್ಲಿದ್ದರು, ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ದಿವೇಚಾ ಕೇಂದ್ರಕ್ಕೆ ಬಂದರು. ಅವರು ಮಾಡಿದ್ದು ಸರಳ, ಆದರೆ ತಾಳ್ಮೆಯ ಕೆಲಸ. 1962ರ ಸರ್ವೆ ನಕ್ಷೆಗಳನ್ನು ಒಂದು ಕಡೆ ಇಟ್ಟುಕೊಂಡರು, ನಮ್ಮದೇ ಉಪಗ್ರಹಗಳ ಚಿತ್ರಗಳನ್ನು ಇನ್ನೊಂದು ಕಡೆ. ಚೆನಾಬ್, ಪಾರ್ವತಿ, ಬಸ್ಪಾ ಕಣಿವೆಗಳ 466 ಹಿಮನದಿಗಳ ಅಂಚುಗಳನ್ನು ಒಂದೊಂದಾಗಿ ಗುರುತಿಸಿ ಹೋಲಿಸಿದರು. 1962ರಲ್ಲಿ 2,077 ಚದರ ಕಿಲೋಮೀಟರ್ ಇದ್ದ ಹಿಮ 1,628ಕ್ಕೆ ಇಳಿದಿತ್ತು. ಸುಮಾರು ನಾಲ್ಕು ದಶಕದಲ್ಲಿ ಶೇ 21ರಷ್ಟು ನಷ್ಟ. ದೊಡ್ಡವು ತುಂಡಾಗಿ ಸಣ್ಣವಾಗುತ್ತಿದ್ದುದರಿಂದ ಹಿಮನದಿಗಳ ಎಣಿಕೆ ಹೆಚ್ಚಾಗಿತ್ತು ಎಂಬುದನ್ನೂ ಅವರು ಕಂಡರು.

ಗಾಬರಿಪಡಲು ಇದಕ್ಕಿಂತ ಹೆಚ್ಚು ಬೇಕಿತ್ತೇ? ಐದರಲ್ಲೊಂದು ಭಾಗ ಹೋಗಿದೆ ಎನ್ನುವುದು ಅಳೆದು ಹೇಳಿದ ಮಾತು. ಆದರೆ ಅದರಲ್ಲಿ ಪ್ರಳಯದ ತಾರೀಖು ಇರಲಿಲ್ಲ, ಅದಕ್ಕೇ ಪತ್ರಿಕೆಗಳು ಅಷ್ಟಾಗಿ ಎತ್ತಿಕೊಳ್ಳಲಿಲ್ಲ. ನಾವು ಪತ್ರಿಕೆಯವರು ಈ ಹೊಣೆಯಿಂದ ಜಾರಿಕೊಳ್ಳುವಂತಿಲ್ಲ. ತಪ್ಪು ಇಸವಿಯನ್ನು ಮೊದಲು ಹಬ್ಬಿಸಿದ್ದೂ ಪತ್ರಿಕೆಗಳೇ, ಅದು ತಪ್ಪೆಂದು ತಿಳಿದಾಗ ಡಂಗುರ ಹೊಡೆದದ್ದೂ ಪತ್ರಿಕೆಗಳೇ. 2,077 ಮತ್ತು 1,628ರ ಕಥೆ ಮಾತ್ರ ನನಗೆ ತಿಳಿದಂತೆ ಯಾವ ಮುಖಪುಟಕ್ಕೂ ಬರಲಿಲ್ಲ.

ಆಮೇಲಿನ ಅಳತೆಗಳು ಇನ್ನೂ ಖಚಿತವಾಗಿವೆ. ಶೀತಲ ಸಮರದ ಕಾಲದಲ್ಲಿ ಅಮೆರಿಕದ ಗೂಢಚಾರ ಉಪಗ್ರಹಗಳು ಫಿಲ್ಮಿನಲ್ಲಿ ತೆಗೆದ ಚಿತ್ರಗಳ ಗೋಪ್ಯತೆ ತೆರವಾದ ಮೇಲೆ, ಜೋಶುವಾ ಮೌರರ್ ಮತ್ತು ಸಂಗಡಿಗರು ಅವುಗಳ ನೆರವಿನಿಂದ ಹಿಮಾಲಯದ 650 ಹಿಮನದಿಗಳ ಎತ್ತರವನ್ನು ಲೆಕ್ಕ ಹಾಕಿದರು. 1975ರಿಂದ 2000ದವರೆಗೆ ವರ್ಷಕ್ಕೆ ಸರಾಸರಿ 22 ಸೆಂಟಿಮೀಟರ್ ನೀರಿನಷ್ಟು ಹಿಮ ಕಳೆದುಹೋಗುತ್ತಿತ್ತು, 2000ದಿಂದ 2016ರವರೆಗೆ 43 ಸೆಂಟಿಮೀಟರ್. ದುಪ್ಪಟ್ಟು. ಇದು 2019ರ ಪ್ರಬಂಧ. ಅದೇ ವರ್ಷ ಕಠ್ಮಂಡುವಿನ ಇಸಿಮೋಡ್ ಸಂಸ್ಥೆ, ಜಗತ್ತಿನ ತಾಪ 1.5 ಡಿಗ್ರಿಗೇ ನಿಂತರೂ ಹಿಂದೂಕುಷ್ ಹಿಮಾಲಯದ ಮೂರರಲ್ಲೊಂದು ಭಾಗ ಹಿಮ ಈ ಶತಮಾನದ ಕೊನೆಗೆ ಇರುವುದಿಲ್ಲ ಎಂದಿತು. 2021ರ ಫೆಬ್ರುವರಿಯಲ್ಲಿ ಚಮೋಲಿಯಲ್ಲಿ ಬಂಡೆ ಮತ್ತು ಹಿಮ ಒಟ್ಟಿಗೇ ಕುಸಿದು ಇನ್ನೂರಕ್ಕೂ ಹೆಚ್ಚು ಜನ ಸತ್ತರು ಇಲ್ಲವೆ ಕಾಣೆಯಾದರು. 2023ರ ಅಕ್ಟೋಬರ್‌ನಲ್ಲಿ ಸಿಕ್ಕಿಂನ ದಕ್ಷಿಣ ಲ್ಹೋನಕ್ ಹಿಮಸರೋವರ ಒಡೆದು ಚುಂಗ್‌ತಾಂಗ್‌ನ ಅಣೆಕಟ್ಟನ್ನೇ ಕೊಚ್ಚಿಕೊಂಡು ಹೋಯಿತು.

ಇಷ್ಟಾದರೂ ಹವಾಮಾನದ ಮಾತು ಬಂದಲ್ಲೆಲ್ಲ ಯಾರಾದರೊಬ್ಬರು ‘ಹಿಮಾಲಯ ಕರಗಿಹೋಗುತ್ತೆ ಅಂದ್ರು, ಅದು ಸುಳ್ಳು ಅಂತ ಆಯ್ತಲ್ಲ’ ಎನ್ನುತ್ತಾರೆ. ಅವರನ್ನು ದಡ್ಡರೆಂದು ತಳ್ಳಿಹಾಕಬಾರದು. ಅವರ ಕಿವಿಗೆ ಬಿದ್ದದ್ದು ಅಷ್ಟೇ. ಪ್ರಶ್ನೆ ಕೇಳಿದವರಿಗೆ ಆಗ ಸಿಕ್ಕಿದ್ದು ಬೈಗುಳ, ಈಗ ಅವರಿಗೆ ಸಿಗಬೇಕಾದದ್ದು ಲೆಕ್ಕ.

ಆ ಲೆಕ್ಕ ಇಡುವ ಕೆಲಸವೂ ನಮ್ಮಲ್ಲಿ ಸೊರಗಿದೆ. ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ಪಟ್ಟಿಯ ಪ್ರಕಾರ ಭಾರತದ ಹಿಮಾಲಯದಲ್ಲಿ 9,575 ಹಿಮನದಿಗಳಿವೆ. ಹಿಮಾಚಲದ ಛೋಟಾ ಶಿಗ್ರಿಯಲ್ಲಿ 2002ರಿಂದ ನಡೆದುಬಂದಿರುವಂತೆ, ಹಿಮದಲ್ಲಿ ಕೋಲು ನೆಟ್ಟು ವರ್ಷ ವರ್ಷ ಅಳೆಯುವ ಕೆಲಸ ಆಗುತ್ತಿರುವುದು ಬೆರಳೆಣಿಕೆಯಷ್ಟು ಕಡೆ ಮಾತ್ರ. ಸರ್ಕಾರ ಇದಕ್ಕೆ ಹಣ ಕೊಡಲಿ, ಅಳತೆಗಳನ್ನು ವರ್ಷಕ್ಕೊಮ್ಮೆ ಜನರ ಮುಂದಿಡಲಿ, ಕನ್ನಡದ ಪತ್ರಿಕೆಗಳು ಅವನ್ನು ಮಳೆ ಮತ್ತು ಜಲಾಶಯಗಳ ಮಟ್ಟದಂತೆ ತಪ್ಪದೆ ಪ್ರಕಟಿಸಲಿ. ಕುಲಕರ್ಣಿ ಮತ್ತು ಸಂಗಡಿಗರ ಪ್ರಬಂಧ ಕೆಲವೇ ಪುಟಗಳದ್ದು, ಇಂಟರ್‌ನೆಟ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಹೈಸ್ಕೂಲು ವಿಜ್ಞಾನ ಕಲಿಸುವ ಮೇಷ್ಟ್ರುಗಳು ಅದನ್ನೊಮ್ಮೆ ಮಕ್ಕಳಿಗೆ ತೋರಿಸಲಿ ಎಂದು ಕೇಳಿಕೊಳ್ಳುತ್ತೇನೆ.