ತಕ್ಕಡಿ ತಪ್ಪೋ, ಗೂಡೊಳಗೆ ಹುಳುವೋ?

‘ಕಪ್ಪು ದ್ರವ್ಯ ಅನ್ನೋದೇ ಇಲ್ಲವಂತೆ, ನ್ಯೂಟನ್ ಸೂತ್ರ ತಿದ್ದಿದರೆ ಸಾಕಂತೆ, ನಿಜವೇ?’ ಎಂದು ಮಾಗಡಿಯ ಓದುಗರೊಬ್ಬರು ಕೇಳಿದ್ದಾರೆ. ಇಂಥ ತಲೆಬರಹಗಳು ಆಗಾಗ ಬರುತ್ತಲೇ ಇರುತ್ತವೆ. ಕಂಡಾಗಲೆಲ್ಲ ನಾನು ಹುಡುಕುವುದು ಒಂದನ್ನೇ: ಗೆಲಾಕ್ಸಿ ಗುಚ್ಛಗಳ ಲೆಕ್ಕ ಈ ಹೊಸ ಸೂತ್ರಕ್ಕೆ ಕೂಡಿಬಂದಿದೆಯೇ?

ರಾಮನಗರದ ರೇಷ್ಮೆಗೂಡು ಮಾರುಕಟ್ಟೆ ಬಲ್ಲವರಿಗೆ ಈ ತಕರಾರು ಬೇಗ ಅರ್ಥವಾಗುತ್ತದೆ. ಹಸಿ ಗೂಡಿನ ತೂಕದಲ್ಲಿ ರೇಷ್ಮೆ ಪದರದ್ದು ಸುಮಾರು ಐದರಲ್ಲೊಂದು ಪಾಲು. ಮಿಕ್ಕಿದ್ದೆಲ್ಲ ಒಳಗಿನ ಹುಳುವಿನದು. ಹುಳುವಿನ ಸುದ್ದಿಯೇ ಗೊತ್ತಿಲ್ಲದವನು ಗೂಡು ತೂಗಿದ ಅನ್ನಿ. ಕಾಣುವ ಎಳೆಗೆ ಇಷ್ಟು ತೂಕ ಬರುವುದಿಲ್ಲ. ಒಂದೋ ಒಳಗೇನೋ ಇದೆ, ಇಲ್ಲವೇ ತಕ್ಕಡಿ ಸುಳ್ಳು. ಕಪ್ಪು ದ್ರವ್ಯದವರು ಮೊದಲ ಪಕ್ಷ, ಗುರುತ್ವದ ನಿಯಮ ತಿದ್ದುವವರು ಎರಡನೆಯ ಪಕ್ಷ. ಗುಚ್ಛಗಳಲ್ಲಿ ಪಾಲೂ ಹೆಚ್ಚುಕಡಿಮೆ ಹೀಗೆಯೇ: ಕಾಣುವ ದ್ರವ್ಯ ಆರರಲ್ಲೊಂದರ ಆಸುಪಾಸು.

ಗುಚ್ಛವನ್ನು ಹೀಗೆ ತೂಗಿ ಬೆರಗಾದವರು ಖಗೋಳವಿಜ್ಞಾನಿ ಫ್ರಿಟ್ಜ್ ಜ್ವಿಕಿ. 1933ರಲ್ಲಿ ಕೋಮಾ ಗುಚ್ಛದ ಗೆಲಾಕ್ಸಿಗಳ ವೇಗ ನೋಡಿದರು. ಸೆಕೆಂಡಿಗೆ ಸಾವಿರ ಕಿ.ಮೀ. ಆಸುಪಾಸಿನ ಓಟ. ಕಾಣುವ ನಕ್ಷತ್ರಗಳ ಸೆಳೆತವಷ್ಟೇ ಆಗಿದ್ದರೆ ಗುಚ್ಛ ಎಂದೋ ಚೆದುರಿಹೋಗಬೇಕಿತ್ತು. ಮುಂದೆ ಎಕ್ಸ್-ಕಿರಣ ಸೂಸುವ ಬಿಸಿ ಅನಿಲ ಸಿಕ್ಕಿತು; ನಕ್ಷತ್ರಗಳಿಗಿಂತ ಅದರದೇ ಹಲವು ಪಟ್ಟು ತೂಕ. ಆದರೂ ಲೆಕ್ಕ ತುಂಬಲಿಲ್ಲ.

ತಕ್ಕಡಿಯನ್ನೇ ತಿದ್ದಲು ಹೊರಟವರು ಇಸ್ರೇಲಿನ ಮೊರ್ದೆಹಾಯ್ ಮಿಲ್‌ಗ್ರೋಮ್. 1983ರ ಅವರ ‘ಮಾಂಡ್’ ಸಿದ್ಧಾಂತದ ಪ್ರಕಾರ, ಸೆಳೆತವು ಭೂಮಿಯ ಗುರುತ್ವದ ಎಂಟು ಸಾವಿರ ಕೋಟಿಯಲ್ಲೊಂದು ಪಾಲಿಗಿಂತ ಕ್ಷೀಣವಾದರೆ ನ್ಯೂಟನ್ ನಿಯಮ ಬದಲಾಗುತ್ತದೆ. ಒಂಟಿ ಗೆಲಾಕ್ಸಿಗಳ ತಿರುಗುವಿಕೆಯನ್ನು ಇದು ಅಚ್ಚರಿಯಾಗುವಷ್ಟು ಚೆನ್ನಾಗಿ ವಿವರಿಸುತ್ತದೆ. ಅದನ್ನು ಹಗುರವಾಗಿ ಕಾಣಬಾರದು. ನಮ್ಮ ಪಕ್ಕದ ಬೆಂಗಳೂರಿನಲ್ಲೂ ಈ ದಾರಿ ತುಳಿದವರಿದ್ದಾರೆ. ಕೋರಮಂಗಲದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್‌ನ ಸಿ. ಶಿವರಾಂ 1994ರಲ್ಲೇ ಮಾಂಡ್ ಬಗ್ಗೆ ಬರೆದರು. 2020ರಲ್ಲಿ ಕೆನತ್ ಅರುಣ್ ಮತ್ತು ಲೂಯಿಸ್ ರೆಬೆಕ್ಕಾ ಜತೆ ಸೇರಿ, ನ್ಯೂಟನ್ ಮತ್ತು ಐನ್‌ಸ್ಟೈನ್ ಗುರುತ್ವದ ಬೇರೆ ತಿದ್ದುಪಡಿಗಳನ್ನೂ ಪರಿಶೀಲಿಸಿದರು.

ತಕರಾರು ತೀರಲು ಗೂಡು ಬಿಚ್ಚಬೇಕು. ಆ ಕೆಲಸ ಆಕಾಶದಲ್ಲಿ ತಾನಾಗಿ ನಡೆದಿತ್ತು. ಸುಮಾರು 400 ಕೋಟಿ ಜ್ಯೋತಿರ್ವರ್ಷ ಆಚೆಗಿನ ‘ಬುಲೆಟ್’ ಗುಚ್ಛದಲ್ಲಿ ಎರಡು ಗುಚ್ಛಗಳು ಒಂದನ್ನೊಂದು ಹಾಯ್ದುಹೋಗಿವೆ. ಗೆಲಾಕ್ಸಿಗಳ ನಡುವೆ ಜಾಗ ಬೇಕಾದಷ್ಟಿದ್ದರಿಂದ ಅವು ಮುಂದೆ ಸಾಗಿದವು. ಅನಿಲಗಳು ಮಾತ್ರ ಗುದ್ದಿಕೊಂಡು ನಡುವೆ ಹಿಂದುಳಿದವು. ಖಭೌತವಿಜ್ಞಾನಿ ಚಂದ್ರಶೇಖರ್ ಅವರ ಹೆಸರು ಹೊತ್ತ ‘ಚಂದ್ರ’ ಎಕ್ಸ್-ಕಿರಣ ದೂರದರ್ಶಕ ಆ ಅನಿಲವನ್ನು ತೋರಿಸಿತು. ತೂಕ ಎಲ್ಲಿದೆ ಎಂಬುದನ್ನು ಹಿಂದಿನ ಗೆಲಾಕ್ಸಿಗಳ ಬೆಳಕು ಬಾಗಿದ ಬಗೆ ಹೇಳಿತು. 2006ರಲ್ಲಿ ಡಗ್ಲಸ್ ಕ್ಲೋ ತಂಡ ಎರಡೂ ನಕ್ಷೆಗಳನ್ನು ಹೊಂದಿಸಿತು. ಕಾಣುವ ದ್ರವ್ಯದ ಬಹುಪಾಲು ಅನಿಲವಾದ್ದರಿಂದ, ತಕ್ಕಡಿಯಷ್ಟೇ ತಪ್ಪಿದ್ದರೆ ತೂಕ ಅನಿಲದ ಬಳಿ ಇರಬೇಕಿತ್ತು. ಅದು ಗೆಲಾಕ್ಸಿಗಳ ಜತೆ ಮುಂದೆ ಹೋಗಿತ್ತು.

ನೆಮ್ಮದಿಯ ಗುಚ್ಛಗಳಲ್ಲೂ ಮಾಂಡ್‌ಗೆ ಕಾಣುವ ದ್ರವ್ಯದಷ್ಟೇ ಇನ್ನೊಂದು ಪಾಲು ಕಾಣದ ದ್ರವ್ಯ ಬೇಕು. ಅಂದರೆ ತಕ್ಕಡಿಯನ್ನು ದೂರಿದವರೂ ಕೊನೆಗೆ ಗೂಡೊಳಗೆ ಚಿಕ್ಕ ಹುಳುವೊಂದನ್ನು ಒಪ್ಪಬೇಕಾಯಿತು. ಅದು 2 ಇಲೆಕ್ಟ್ರಾನ್ ವೋಲ್ಟ್ ತೂಕದ ನ್ಯೂಟ್ರಿನೋ ಎಂಬ ಹಗುರ ಕಣ ಇರಬಹುದೆಂದು ಕೆಲವರು ಸೂಚಿಸಿದ್ದರು. ಜರ್ಮನಿಯ ‘ಕ್ಯಾಟ್ರಿನ್’ ಪ್ರಯೋಗ 2025ರಲ್ಲಿ ನ್ಯೂಟ್ರಿನೋ ತೂಕ 0.45ಕ್ಕಿಂತ ಕಡಿಮೆ ಎಂದು ತೋರಿಸಿದ ಮೇಲೆ ಆ ಬಾಗಿಲೂ ಮುಚ್ಚಿದೆ.

ಹಾಗೆಂದು ಕಪ್ಪು ದ್ರವ್ಯದವರು ಬೀಗುವಂತಿಲ್ಲ. ಇಷ್ಟು ವರ್ಷವಾದರೂ ಅವರ ಕಣ ಯಾವ ಪ್ರಯೋಗಶಾಲೆಗೂ ಸಿಕ್ಕಿಲ್ಲ. ಆದರೆ ಮಾಗಡಿಯ ಓದುಗರಿಗೆ ನನ್ನ ಉತ್ತರ ಸ್ಪಷ್ಟ: ಸೂತ್ರ ತಿದ್ದುವುದು ತಪ್ಪಲ್ಲ, ತಿದ್ದಿದರಷ್ಟೇ ಸಾಕು ಎನ್ನುವುದು ತಪ್ಪು.