ಒಳಗೆ ಪ್ಲಾಸ್ಟಿಕ್, ಹೊರಗೆ ಉಕ್ಕು: ಪೈಪಿನ ಜೋಡಣೆಯ ವಿಚಾರ

ಮುಂಬಯಿಯಲ್ಲಿ ಒಂದು ವರ್ಷ ಬಾಳಿದವರಿಗೆ ನಳದ ನೀರಿನ ಬೆಲೆಯನ್ನು ಬೇರೆಯಾಗಿ ತಿಳಿಸಬೇಕಾದುದಿಲ್ಲ. ನೀರು ಬರುವ ಹೊತ್ತಿಗೆ ಏಳುವುದು, ಹೋಗುವುದರೊಳಗೆ ತುಂಬಿಕೊಳ್ಳುವುದು, ಇದು ಚಾಳಿನ ದಿನಚರಿ. ತುಳಸಿ, ವಿಹಾರ, ತಾನ್ಸಾ, ಮೋಡಕ ಸಾಗರ, ಮಧ್ಯ ವೈತರಣಾ, ಮೇಲಿನ ವೈತರಣಾ, ಭಾತ್ಸಾ ಎಂಬ ಏಳು ಜಲಾಶಯಗಳಿಂದ ದಿನವೊಂದಕ್ಕೆ 380 ಕೋಟಿ ಲೀಟರಿಗೂ ಮಿಕ್ಕಿ ನೀರು ಈ ನಗರಕ್ಕೆ ಬರುತ್ತದೆ. ಮಳೆ ಎಷ್ಟಾಯಿತು, ಜಲಾಶಯ ಎಷ್ಟು ತುಂಬಿತು ಎಂಬ ಲೆಕ್ಕವನ್ನು ಜೂನ್ ತಿಂಗಳಿನಿಂದಲೇ ಎಲ್ಲರೂ ಪತ್ರಿಕೆಯಲ್ಲಿ ಹುಡುಕುತ್ತೇವೆ. ಆದರೆ ಅಷ್ಟು ನೀರನ್ನು ಹೊತ್ತು ತರುವ ಪೈಪುಗಳು ಒಂದಕ್ಕೊಂದು ಹೇಗೆ ಕೂಡಿಕೊಂಡಿವೆ ಎಂದು ವಿಚಾರಿಸುವವರು ಕಡಿಮೆ. ಪೈಪಿನ ಬಲವೆಲ್ಲ ಅದರ ಉದ್ದದಲ್ಲಿದೆ, ದೌರ್ಬಲ್ಯವೆಲ್ಲ ಜೋಡಣೆಯಲ್ಲಿದೆ. ನಮ್ಮ ಓದುಗರಲ್ಲಿ ಫಿಟ್ಟರರೂ ವೆಲ್ಡರರೂ ಅವರ ಕೈಕೆಳಗಿನ ಹೆಲ್ಪರರೂ ಇರುವುದರಿಂದ ಈ ವಿಷಯವನ್ನು ತುಸು ವಿಸ್ತಾರವಾಗಿಯೇ ಬರೆಯುತ್ತೇವೆ.

ತಾನ್ಸಾದ ನೀರು ಮುಂಬಯಿಗೆ ಬಂದದ್ದು 1892ರಲ್ಲಿ. ಆ ಕಾಲದಲ್ಲಿ ಎಲ್ಲ ದೇಶಗಳಲ್ಲಿಯೂ ಎರಕದ ಕಬ್ಬಿಣದ ಪೈಪುಗಳನ್ನು ಜೋಡಿಸುತ್ತಿದ್ದ ಕ್ರಮ ಹೀಗಿತ್ತು: ಒಂದು ಪೈಪಿನ ತುದಿಯನ್ನು ಇನ್ನೊಂದರ ಅಗಲವಾದ ಬಾಯಿಯೊಳಗೆ ತೂರಿಸಿ, ನಡುವಿನ ಸಂದಿಗೆ ಸಣಬಿನ ಹುರಿಯನ್ನು ಜಡಿದು, ಅದರ ಮೇಲೆ ಕಾದ ಸೀಸವನ್ನು ಹೊಯ್ಯುವುದು. ಸೀಸ ಆರಿದ ಮೇಲೆ ಉಳಿ ಸುತ್ತಿಗೆಗಳಿಂದ ಸುತ್ತಲೂ ಬಡಿದು ಬಿಗಿ ಮಾಡುವುದು. ಸಂದಿಯಲ್ಲಿ ತೇವವಿದ್ದರೆ ಕಾದ ಸೀಸ ಸಿಡಿದು ಮುಖಕ್ಕೆ ಹಾರುತ್ತಿತ್ತು. ಆದರೂ ಕೆಲಸ ಚೆನ್ನಾಗಿದ್ದಲ್ಲಿ ಅಂಥ ಜೋಡಣೆ ಮನುಷ್ಯನ ಆಯುಷ್ಯವನ್ನೂ ಮೀರಿ ನಿಲ್ಲುತ್ತಿತ್ತು. ನೆಲ ಕೊಂಚ ಅಲುಗಿದರೆ ಮೆತ್ತಗಿನ ಸೀಸ ತಾನೂ ಕೊಂಚ ಬಾಗಿಕೊಡುತ್ತಿತ್ತು. ಅನಂತರ ಉಕ್ಕಿನ ತಗಡನ್ನು ಸುತ್ತಿ ರಿವೆಟ್ ಹೊಡೆದ ಪೈಪುಗಳು ಬಂದವು. ಆಮೇಲೆ ವೆಲ್ಡಿಂಗ್ ಮಾಡಿದವು.

ಉಕ್ಕು ಗಟ್ಟಿ, ಒತ್ತಡವನ್ನು ತಡೆಯುತ್ತದೆ. ಆದರೆ ತುಕ್ಕು ಅದರ ಹುಟ್ಟುಶತ್ರು. ನೀರು ಮತ್ತು ಗಾಳಿಯ ಆಮ್ಲಜನಕ ಎರಡೂ ಸೇರಿದಲ್ಲಿ ಕಬ್ಬಿಣ ಕರಗುತ್ತ ಹೋಗುತ್ತದೆ. ಪ್ಲಾಸ್ಟಿಕ್ಕಿನ ಗುಣ ಇದಕ್ಕೆ ತಿರುಗುಮುರುಗು. ತುಕ್ಕಿಲ್ಲ, ಆಮ್ಲ ಕ್ಷಾರಗಳ ಭಯ ಕಡಿಮೆ; ಆದರೆ ಬಲ ಸಾಲದು, ಬಿಸಿಗೆ ಮೆತ್ತಗಾಗುತ್ತದೆ. ಹೀಗಿರುವಲ್ಲಿ ಹೊರಗೆ ಉಕ್ಕು, ಒಳಗೆ ಪ್ಲಾಸ್ಟಿಕ್ ಎಂಬ ಯೋಚನೆ ಸಹಜವಾಗಿಯೇ ಹುಟ್ಟಿತು. ಪಾಲಿಥಿನ್ ದೊರೆತದ್ದು 1933ರಲ್ಲಿ, ಇಂಗ್ಲೆಂಡಿನಲ್ಲಿ. ಟೆಫ್ಲಾನ್ 1938ರಲ್ಲಿ, ಅಮೆರಿಕದಲ್ಲಿ. ಇಂದು ಆಮ್ಲವನ್ನು ಸಾಗಿಸುವ ರಾಸಾಯನಿಕ ಕಾರ್ಖಾನೆಗಳಲ್ಲಿ, ಉಪ್ಪುನೀರನ್ನು ಒತ್ತುವ ತೈಲಕ್ಷೇತ್ರಗಳಲ್ಲಿ ಇಂಥ ಜೋಡು ಮೈಯ ಪೈಪುಗಳುಂಟು. ಜಪಾನಿನಲ್ಲಿ ಮನೆಯ ನಳಗಳಿಂದ ಕೆಂಪು ನೀರು ಬರುವ ತೊಂದರೆಗಾಗಿ ಪಿ.ವಿ.ಸಿ. ಒಳಪದರದ ಉಕ್ಕಿನ ಪೈಪುಗಳನ್ನು ಕಟ್ಟಡಗಳಿಗೂ ಹಾಕಿದರು.

ತೊಡಕು ಬರುವುದು ಜೋಡಿಸುವಾಗ. ಉಕ್ಕು ಕರಗಲು ಸುಮಾರು 1500 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಪಾಲಿಥಿನ್ 110ರಿಂದ 135 ಡಿಗ್ರಿಯೊಳಗೇ ಕರಗುತ್ತದೆ. ಹೊರಗಿನಿಂದ ವೆಲ್ಡಿಂಗ್ ಮಾಡಹೊರಟರೆ ಒಳಗಿನ ಪದರ ಅಂಗುಲಗಟ್ಟಲೆ ಸುಟ್ಟುಹೋಗುತ್ತದೆ. ಸುಡಬಾರದೆಂದು ತುದಿಯಲ್ಲಿ ಪದರವನ್ನು ಮೊದಲೇ ಕೆತ್ತಿ ತೆಗೆದರೆ ಅಲ್ಲಿ ಬರಿಯ ಉಕ್ಕಿನ ಬಳೆಯೊಂದು ನೀರಿಗೆ ತೆರೆದು ನಿಲ್ಲುತ್ತದೆ. ಹತ್ತು ಮೈಲಿ ಪೈಪಿಗೆ ಒಳಗವಸು ಹಾಕಿ ಪ್ರತಿ ಜೋಡಣೆಯಲ್ಲಿಯೂ ನಾಲ್ಕು ಅಂಗುಲ ಬತ್ತಲೆ ಬಿಟ್ಟರೆ, ತುಕ್ಕಿಗೆ ಅಷ್ಟೇ ಸಾಕು.

ದೊಡ್ಡ ಪೈಪಿನಲ್ಲಿ ಇದಕ್ಕೆ ಉಪಾಯ ಸುಲಭ. ವೈತರಣಾದ ಪೈಪು 96 ಅಂಗುಲ ವ್ಯಾಸದ್ದು, ಎಂದರೆ 8 ಅಡಿ; ಮೇಲಿನ ವೈತರಣಾದ್ದು ಇನ್ನೂ ದೊಡ್ಡದು, 2750 ಮಿಲಿಮೀಟರ್. ಇಂಥವುಗಳೊಳಗೆ ಆಳು ನೆಟ್ಟಗೆ ನಿಂತು ನಡೆಯಬಹುದು. ದೊಡ್ಡ ನೀರಿನ ಪೈಪುಗಳಿಗೆ ಪ್ಲಾಸ್ಟಿಕ್ಕಿಗೆ ಬದಲಾಗಿ ಸಿಮೆಂಟಿನ ಗಾರೆಯನ್ನು ಒಳಗೆ ಬಳಿಯುವುದು ಬಹುಕಾಲದ ವಾಡಿಕೆ. ಸಿಮೆಂಟು ಕ್ಷಾರಗುಣದ್ದಾದುದರಿಂದ ಅದರ ಮಗ್ಗುಲಿನ ಉಕ್ಕಿಗೆ ತುಕ್ಕು ಹತ್ತುವುದಿಲ್ಲ. ಜೋಡಣೆಗೆ ಹೊರಗಿನಿಂದ ವೆಲ್ಡಿಂಗ್ ಆದ ಮೇಲೆ ಗಾರೆಯವನು ಒಳಹೊಕ್ಕು, ಗೋಡೆಗೆ ಗಿಲಾವು ಮಾಡಿದಂತೆ ಆ ಬಳೆಯನ್ನು ಕೈಯಿಂದ ಮುಚ್ಚಿ ಬರುತ್ತಾನೆ. ಮುಲುಂಡ, ಭಾಂಡುಪ, ಧಾರಾವಿಗಳಲ್ಲಿ ಆ ಮಹಾಪೈಪುಗಳ ಮಗ್ಗುಲಲ್ಲೇ ಬಾಳಿದ ಕನ್ನಡಿಗರೆಷ್ಟೋ ಮಂದಿ. ಒಳಗೆ ಇಂಥ ಕೆಲಸವಿರುತ್ತದೆಂದು ಯಾರು ಎಣಿಸಿದ್ದರು! (ಈಗ ಹಲವೆಡೆ ನೀರು ಆಳವಾದ ಸುರಂಗಗಳಲ್ಲಿ ಹರಿಯುತ್ತದೆ.) ಆದರೆ ನಾಲ್ಕು ಅಥವಾ ಆರು ಅಂಗುಲದ ಪೈಪಿನೊಳಗೆ ಹೋಗುವವರಾರು? ಇಲಿಯೊಂದೇ ಹೋಗಬೇಕು.

ಸಣ್ಣ ಪೈಪಿಗೆ ಹಳೆಯ ಪರಿಹಾರ ಫ್ಲೇಂಜಿನದು. ಟೆಫ್ಲಾನ್ ಪದರದ ಪೈಪಿನಲ್ಲಿ ಪದರವನ್ನೇ ತುದಿಯಲ್ಲಿ ಬಿಸಿ ಮಾಡಿ, ಅಂಗಿಯ ಕಾಲರಿನಂತೆ ಫ್ಲೇಂಜಿನ ಮುಖದ ಮೇಲೆ ಮಡಚುತ್ತಾರೆ. ಎರಡು ಕಾಲರುಗಳನ್ನು ಎದುರುಬದುರಾಗಿಟ್ಟು ಬೋಲ್ಟಿನಿಂದ ಬಿಗಿದರೆ ದ್ರವಕ್ಕೆ ಉಕ್ಕಿನ ಸೋಂಕೇ ಇಲ್ಲ. ಇದು ಒಳ್ಳೆಯದೇ. ಆದರೆ ಬೋಲ್ಟು ಸಡಿಲಾಗುವುದುಂಟು, ಟೆಫ್ಲಾನ್ ಒತ್ತಡಕ್ಕೆ ಮೆಲ್ಲಗೆ ಜಾರುವುದುಂಟು. ನೆಲದಲ್ಲಿ ಹೂಳುವ ಪೈಪಿಗೆ ಸಾವಿರ ಫ್ಲೇಂಜುಗಳನ್ನು ನೋಡಿಕೊಳ್ಳುವುದು ಆಗದ ಮಾತು.

ಇಲ್ಲಿಯೇ ಇಂಡಕ್ಷನ್ ಸಹಾಯಕ್ಕೆ ಬರುತ್ತದೆ. ಇದರ ಮೂಲತತ್ತ್ವವನ್ನು ಮೈಕೆಲ್ ಫ್ಯಾರಡೆ 1831ರಲ್ಲಿ ಕಂಡುಹಿಡಿದನು. ಈತ ಬುಕ್‌ಬೈಂಡರನ ಬಳಿ ಕೆಲಸ ಕಲಿಯುತ್ತ, ಬೈಂಡಿಗೆ ಬಂದ ಪುಸ್ತಕಗಳನ್ನು ಓದಿ ವಿಜ್ಞಾನಿಯಾದವನು. ವಾಚನಾಲಯದವರಿಗೆ ಆತನ ಹೆಸರು ಪ್ರಿಯವಾಗತಕ್ಕದ್ದು. ತಾಮ್ರದ ತಂತಿಯ ಸುರುಳಿಯಲ್ಲಿ ಹಿಂದುಮುಂದಾಗಿ ಬದಲಾಗುತ್ತಿರುವ ವಿದ್ಯುತ್ತನ್ನು ಹರಿಸಿದರೆ ಅದರ ಸುತ್ತಲಿನ ಕಾಂತಕ್ಷೇತ್ರವೂ ಬದಲಾಗುತ್ತದೆ. ಆ ಕ್ಷೇತ್ರದೊಳಗೆ ಉಕ್ಕನ್ನಿಟ್ಟರೆ ಮುಟ್ಟದೆಯೇ ಅದರ ಮೈಯಲ್ಲಿ ವಿದ್ಯುತ್ತು ಸುಳಿಯಾಗಿ ಹರಿದು, ಉಕ್ಕು ತಾನಾಗಿಯೇ ಕಾಯುತ್ತದೆ. ಇಂಡಕ್ಷನ್ ಒಲೆ ಮಾಡುವುದು ಇದನ್ನೇ. ಒಲೆಯ ಗಾಜು ಕಾಯುವುದು ಪಾತ್ರೆಯ ಬಿಸಿಯಿಂದಲೇ ಹೊರತು ಒಲೆಯಿಂದಲ್ಲ. ಆಯಸ್ಕಾಂತ ಅಂಟದ ಅಲ್ಯೂಮಿನಿಯಂ ಪಾತ್ರೆ ಅದರ ಮೇಲೆ ಕಾಯದೆ ಕೂಡುವುದನ್ನು ಅನೇಕರು ನೋಡಿರಬಹುದು.

ಇನ್ನೂ ಹತ್ತಿರದ ಉದಾಹರಣೆ ಔಷಧದ ಬಾಟಲಿಯಲ್ಲಿದೆ. ಮುಚ್ಚಳ ತೆಗೆದರೆ ಬಾಯಿಗೆ ಅಂಟಿದ ಬೆಳ್ಳಿಬಣ್ಣದ ಹಾಳೆಯೊಂದಿರುತ್ತದೆ. ಅದು ಅಲ್ಯೂಮಿನಿಯಂ ಹಾಳೆ; ಅದರ ಕೆಳಗೆ ತೆಳುವಾದ ಪ್ಲಾಸ್ಟಿಕ್ ಪದರ. ಕಾರ್ಖಾನೆಯಲ್ಲಿ ಮುಚ್ಚಳ ಹಾಕಿದ ಬಾಟಲಿ ಸುರುಳಿಯ ಕೆಳಗೆ ಹಾದುಹೋಗುವಾಗ ಹಾಳೆ ಕ್ಷಣಮಾತ್ರದಲ್ಲಿ ಕಾಯುತ್ತದೆ, ಪ್ಲಾಸ್ಟಿಕ್ ಕರಗಿ ಬಾಟಲಿಯ ಬಾಯಿಗೆ ಬೆಸೆಯುತ್ತದೆ. ದಪ್ಪ ಪಾತ್ರೆ ಒಲೆಯ ಮೇಲೆ ಕಾಯದು, ತೆಳು ಹಾಳೆ ಹೇಗೆ ಕಾಯಿತು ಎಂದು ಕೇಳಬಹುದು. ತೆಳುವಾದಷ್ಟೂ ಅದು ವಿದ್ಯುತ್ತಿನ ಹರಿವನ್ನು ಹೆಚ್ಚಾಗಿ ತಡೆಯುತ್ತದೆ, ತಡೆ ಹೆಚ್ಚಿದಲ್ಲಿ ಶಾಖ ಹುಟ್ಟುತ್ತದೆ. ಮುಖ್ಯ ಮಾತೇನೆಂದರೆ, ಲೋಹ ಕಾಯಿತು, ಪ್ಲಾಸ್ಟಿಕ್ ಬೆಸೆಯಿತು.

ಪೈಪಿನಲ್ಲಿಯೂ ಹಾಗೆಯೇ. ಒಂದು ಬಗೆಯ ಜೋಡಣೆಯಲ್ಲಿ ಎರಡು ಪೈಪುಗಳ ತುದಿಗಳು ಕೂಡುವಲ್ಲಿ ಒಳಗೆ ಅದೇ ಜಾತಿಯ ಪ್ಲಾಸ್ಟಿಕ್ಕಿನ ತುಂಡು ತೋಳೊಂದನ್ನು ಸೇರಿಸಿ, ಹೊರಗಿನಿಂದ ಉಕ್ಕಿನ ತೋಳಿನಿಂದ ಹಿಡಿಯುತ್ತಾರೆ. ಆ ಭಾಗದ ಸುತ್ತ ಸುರುಳಿಯನ್ನು ತೊಡಿಸಿ ವಿದ್ಯುತ್ತು ಬಿಡುತ್ತಾರೆ. ಪ್ಲಾಸ್ಟಿಕ್ಕಿನಲ್ಲಿ ವಿದ್ಯುತ್ತು ಹರಿಯದಾದುದರಿಂದ ಅದು ನೇರವಾಗಿ ಕಾಯುವುದಿಲ್ಲ. ಉಕ್ಕಿನ ಗೋಡೆ ಕಾದು, ಆ ಶಾಖ ಒಳಕ್ಕೆ ಇಳಿದು, ಪದರವೂ ತೋಳೂ ಕರಗಿ ಒಂದಾಗುತ್ತವೆ. ಉಕ್ಕನ್ನು ಇಲ್ಲಿ ಕರಗಿಸಬೇಕಾದುದಿಲ್ಲ. ಪಾಲಿಥಿನ್ನನ್ನು ಬೆಸೆಯಲು ಸುಮಾರು 200ರಿಂದ 220 ಡಿಗ್ರಿ ಸಾಕು. ಶಾಖ ಎಲ್ಲಿ, ಎಷ್ಟು, ಎಷ್ಟು ಸೆಕೆಂಡು ಎಂಬುದು ಯಂತ್ರದ ಹಿಡಿತದಲ್ಲಿರುತ್ತದೆ. ವೆಲ್ಡರನ ಕೈ ಎಷ್ಟೇ ಪಳಗಿರಲಿ, ಜ್ವಾಲೆಯಿಂದ ಈ ಹಿಡಿತ ದೊರೆಯದು.

ಆದರೂ ಇದನ್ನು ಮಂತ್ರವೆಂದು ತಿಳಿಯಕೂಡದು. ಹೊತ್ತು ಮೀರಿದರೆ ಪ್ಲಾಸ್ಟಿಕ್ ಕೆಡುತ್ತದೆ. ಸಾಲದಿದ್ದರೆ ಮೇಲೆ ಮಾತ್ರ ಅಂಟಿಕೊಂಡು ಒಳಗೆ ಹುಸಿಯಾಗಿ ಉಳಿಯುತ್ತದೆ. ಆ ಹುಸಿ ಬೆಸುಗೆಯೇ ಅಪಾಯಕರ, ಹೊರಗಿನಿಂದ ಅದು ಕಾಣದು. ಇನ್ನೊಂದು ಸಂಗತಿ, ಪಾಲಿಥಿನ್ ಬಿಸಿಗೆ ಹಿಗ್ಗುವುದು ಉಕ್ಕಿಗಿಂತ ಹತ್ತು ಪಟ್ಟಿಗೂ ಹೆಚ್ಚು. ಆರುವಾಗ ಅಷ್ಟೇ ಕುಗ್ಗುತ್ತದೆ. ಜೋಡಣೆಯನ್ನು ಬಿಗಿಯಾಗಿ ಹಿಡಿದು ಪೂರ್ತಿ ಆರುವವರೆಗೆ ಅಲುಗಿಸದಿರುವುದು ಅದಕ್ಕಾಗಿಯೇ. ಕಂತ್ರಾಟುದಾರನ ಅವಸರ ಕೆಡಿಸುವುದು ಈ ಹಂತವನ್ನೇ.

ಇದರ ಹತ್ತಿರದ ನೆಂಟನೊಬ್ಬನನ್ನು ಮುಂಬಯಿಯ ರಸ್ತೆಯಲ್ಲಿಯೇ ನೋಡಬಹುದು. 1995ರಲ್ಲಿ ಸ್ಥಾಪಿತವಾದ ಮಹಾನಗರ ಗ್ಯಾಸ್ ಕಂಪನಿಯವರು ಅಡಿಗೆಯ ಗ್ಯಾಸನ್ನು ಮನೆಮನೆಗೆ ತರುವ ಪೈಪುಗಳು ನೆಲದೊಳಗೆ ಪಾಲಿಥಿನ್ನಿನವು. ಅವಕ್ಕೆ ತೊಡಿಸುವ ತೋಳಿನೊಳಗೇ ಸಣ್ಣ ತಂತಿ ಹುದುಗಿರುತ್ತದೆ. ತಂತಿಗೆ ವಿದ್ಯುತ್ತು ಕೊಟ್ಟೊಡನೆ ಕಾದು ಎರಡೂ ಕಡೆ ಬೆಸೆದು, ತಂತಿ ಅಲ್ಲಿಯೇ ಉಳಿದುಬಿಡುತ್ತದೆ. ಬೆಸೆಯುವ ಮೊದಲು ಪೈಪಿನ ಮೇಲ್ಮೈಯನ್ನು ಕೆರೆದು, ಒರೆಸಿ, ಕೈ ತಾಗಿಸದೆ ತೊಡಿಸಬೇಕು. ಬೆರಳಿನ ಜಿಡ್ಡು, ಗುಂಡಿಯ ಧೂಳು, ಮಳೆಹನಿ ಇವಿಷ್ಟೇ ಬೆಸುಗೆಯನ್ನು ಕೆಡಿಸಲು ಸಾಕು.

ಈಗ ನಮ್ಮ ಚಾಳಿನ ಮಾತಿಗೆ ಬರೋಣ. ನಮ್ಮ ಖೋಲಿಗೆ ಬರುವುದು ಜಿ.ಐ. ಪೈಪು. ಇದೂ ಒಂದು ಬಗೆಯಲ್ಲಿ ಪದರ ಹಾಕಿದ ಉಕ್ಕೇ; ಪದರ ಸತುವಿನದು. ಫಿಟ್ಟರನು ತುದಿಗೆ ಚೂಡಿ ಕೊರೆದಾಗ ಆ ಸತು ಕಿತ್ತುಹೋಗಿ ಉಕ್ಕು ಬತ್ತಲಾಗುತ್ತದೆ. ತುಕ್ಕು ಹಿಡಿಯುವುದು ಮೊದಲು ಚೂಡಿಯಲ್ಲಿ ಎಂಬುದಕ್ಕೆ ಕಾರಣ ಇದು. ಅಂಥ ಪೈಪು ಗಟಾರದ ಮಗ್ಗುಲಲ್ಲಿಯೋ ಒಳಗೋ ಹಾದುಹೋಗಿದ್ದರೆ? ನೀರು ಬರುವಾಗ ತೂತಿನಿಂದ ಹೊರಕ್ಕೆ ಸೋರುತ್ತದೆ, ಅದು ನಷ್ಟ ಮಾತ್ರ. ನೀರು ನಿಂತ ಮೇಲೆ ಒಳಗೆ ಒತ್ತಡವಿಲ್ಲ. ಆಗ ಗಟಾರದ ಹೊಲಸು ಅದೇ ತೂತಿನಿಂದ ಒಳಕ್ಕೆ ಬರುತ್ತದೆ. ಪೈಪಿಗೆ ನೇರವಾಗಿ ಮೋಟಾರು ಹಚ್ಚಿ ಎಳೆಯುವವರು ಆ ಹೊಲಸನ್ನು ಹೀರಿ ತಾವೂ ಕುಡಿದು ನೆರೆಯವರಿಗೂ ಕುಡಿಸುತ್ತಾರೆ. ಇದು ನಿಯಮಕ್ಕೆ ವಿರುದ್ಧವಾದುದು; ನಿಯಮವಿಲ್ಲದಿದ್ದರೂ ಮಾಡತಕ್ಕ ಕೆಲಸವಲ್ಲ. ಕಾಮಾಲೆ, ವಿಷಮಶೀತಜ್ವರ, ವಾಂತಿಭೇದಿಗಳು ಚಾಳಿಗೆ ಚಾಳನ್ನೇ ಹಿಡಿಯುವ ದಾರಿಗಳಲ್ಲಿ ಇದೊಂದು. ನೀರು ಮೊದಲು ಬರುವಾಗ ಕಲಕಿದಂತೆ ಅಥವಾ ವಾಸನೆಯಾಗಿದ್ದರೆ ಅದನ್ನು ಚೆಲ್ಲಿ, ವಾರ್ಡ್ ಆಫೀಸಿಗೆ ಬರೆದು ತಿಳಿಸಿ, ಸರಿಯಾಗುವವರೆಗೆ ಕುದಿಸಿಯೇ ಕುಡಿಯಬೇಕು.

ಕೆಲಸಗಾರ ಬಂಧುಗಳಿಗೆ ಇನ್ನೆರಡು ಮಾತು. ಜಿ.ಐ. ಪೈಪನ್ನು ಸತು ಕೆರೆಯದೆ ವೆಲ್ಡಿಂಗ್ ಮಾಡಿದರೆ ಬಿಳಿ ಹೊಗೆ ಏಳುತ್ತದೆ. ಅದನ್ನು ಸೇವಿಸಿದವನಿಗೆ ಕೆಲವು ತಾಸುಗಳ ಮೇಲೆ, ಎಷ್ಟೋ ವೇಳೆ ಮನೆಗೆ ಹೋದ ರಾತ್ರಿ, ಚಳಿ ಜ್ವರ ಬರುತ್ತದೆ; ಮಲೇರಿಯಾ ಎಂದು ತಿಳಿದು ಔಷಧ ನುಂಗುವವರುಂಟು. ವೈದ್ಯರ ಬಳಿ ಹೋದಾಗ ಹಗಲು ಏನು ಕೆಲಸ ಮಾಡಿದೆವೆಂಬುದನ್ನು ತಪ್ಪದೆ ಹೇಳಬೇಕು. ಟೆಫ್ಲಾನ್ ಅತಿಯಾಗಿ ಕಾದರೆ ಅದರ ಹೊಗೆಯೂ ಇಂಥ ಜ್ವರವನ್ನು ತರುತ್ತದೆ, ಪಿ.ವಿ.ಸಿ. ಸುಟ್ಟರೆ ಏಳುವುದು ಆಮ್ಲದ ಹೊಗೆ. ಹಳೆಯ ಪೈಪೆಂದು ಕೊಟ್ಟುದಕ್ಕೆಲ್ಲ ಗ್ಯಾಸ್ ಕಟರ್ ಹಚ್ಚುವ ಮೊದಲು ಅದರೊಳಗೆ ಪದರವಿದೆಯೇ ಎಂದು ತುದಿಯಲ್ಲಿ ಇಣುಕಿ ನೋಡುವುದು ಲೇಸು.

ಪದರವಿರುವ ಪೈಪಿನ ಉಕ್ಕಿನಲ್ಲಿ ಕೆಲವೆಡೆ ಬೇಕೆಂದೇ ಕೊರೆದ ಸಣ್ಣ ರಂಧ್ರಗಳಿರುತ್ತವೆ. ಪದರದ ಮೂಲಕ ಮೆಲ್ಲಗೆ ತೂರಿಬಂದ ಅನಿಲ ಅದರ ಹಿಂದೆ ಸಿಕ್ಕಿಕೊಂಡು ಪದರವನ್ನು ಒಳಕ್ಕೆ ಉಬ್ಬಿಸದಿರಲೆಂದು ಅವನ್ನು ಬಿಟ್ಟಿರುತ್ತಾರೆ. ತೂತೆಂದು ಬಗೆದು ಅದಕ್ಕೆ ಬಣ್ಣ ಬಳಿದು ಮುಚ್ಚಬಾರದು. ಅಲ್ಲಿ ದ್ರವ ತೊಟ್ಟಿಕ್ಕಿದರೆ ಒಳಗಿನ ಪದರ ಹರಿದಿದೆಯೆಂದು ತಿಳಿಯಬೇಕು. ಮುಟ್ಟಿ ನೋಡದೆ ಕೂಡಲೆ ಫೋರ್‌ಮನ್ನರಿಗೆ ಹೇಳಬೇಕು, ಏಕೆಂದರೆ ಅದು ಆಮ್ಲವೂ ಆಗಿರಬಹುದು.