ಬ್ಲೂ ಡರ್ಬಿ ಅರಣ್ಯ ಸೈಕಲ್ ಪಥಗಳು

ಬ್ಲೂ ಡರ್ಬಿ ಎಂಬುದು ಆಸ್ಟ್ರೇಲಿಯಾದ ಟಾಸ್ಮೇನಿಯಾ ರಾಜ್ಯದ ಈಶಾನ್ಯ ಭಾಗದಲ್ಲಿರುವ ಪರ್ವತ ಸೈಕಲ್ (ಮೌಂಟನ್ ಬೈಕ್) ಪಥಗಳ ಸಮೂಹ. ಇದರ ಕೇಂದ್ರವಾದ ಡರ್ಬಿ ಎಂಬ ಪುಟ್ಟ ಊರು ಲಾನ್ಸೆಸ್ಟನ್ ನಗರದಿಂದ ಸುಮಾರು 100 ಕಿ.ಮೀ. ದೂರದಲ್ಲಿ, ರಿಂಗರೂಮಾ ನದಿಯ ದಂಡೆಯಲ್ಲಿದೆ. 2015ರಲ್ಲಿ ಸಾರ್ವಜನಿಕರಿಗೆ ತೆರೆಯಲಾದ ಈ ಪಥಗಳ ಒಟ್ಟು ಉದ್ದ ಸುಮಾರು 125 ಕಿ.ಮೀ. ದಟ್ಟವಾದ ಮಳೆಕಾಡಿನ ನಡುವೆ ಸಾಗುವ ಈ ಹಾದಿಗಳು ಹಳೆಯ ತವರದ ಗಣಿಗಳ ನೆಲದ ಮೇಲೆಯೇ ಹಾದುಹೋಗುತ್ತವೆ.

ಗಣಿಗಾರಿಕೆಯ ಹಿನ್ನೆಲೆ

1870ರ ದಶಕದಲ್ಲಿ ಕ್ರುಷ್ಕಾ ಸಹೋದರರು ಈ ಪ್ರದೇಶದಲ್ಲಿ ತವರದ ನಿಕ್ಷೇಪವನ್ನು ಪತ್ತೆ ಮಾಡಿದರು. ಅವರಿಂದಾಗಿಯೇ ಊರಿಗೆ ಮೊದಲು 'ಬ್ರದರ್ಸ್ ಹೋಮ್', ಅಂದರೆ 'ಸಹೋದರರ ಮನೆ' ಎಂಬ ಹೆಸರಿತ್ತು. ಇಲ್ಲಿನ ಪ್ರಮುಖ ಗಣಿಯ ಹೆಸರು ಬ್ರೈಸೀಸ್. ಇದು ಗ್ರೀಕ್ ಮಹಾಕಾವ್ಯದ ಪಾತ್ರವೊಂದರ ಹೆಸರಾದರೂ ಗಣಿಗೆ ಬಂದದ್ದು 1876ರ ಮೆಲ್ಬರ್ನ್ ಕಪ್ ಗೆದ್ದ ಹೆಣ್ಣು ಕುದುರೆಯಿಂದ.

ಇಲ್ಲಿ ತವರದ ಅದಿರು ಪ್ರಾಚೀನ ನದೀಪಾತ್ರದ ಮರಳು ಮತ್ತು ಜಲ್ಲಿಯಲ್ಲಿ ಬೆರೆತಿತ್ತು. ಕೊಳವೆಗಳ ಮೂಲಕ ರಭಸವಾಗಿ ನೀರು ಹಾಯಿಸಿ ಮಣ್ಣನ್ನು ಕರಗಿಸಿ, ಭಾರವಾದ ಅದಿರನ್ನು ಬೇರ್ಪಡಿಸುವುದು ಅಂದಿನ ವಿಧಾನ. ಇದಕ್ಕೆ ಅಪಾರ ನೀರು ಬೇಕಾಗಿದ್ದುದರಿಂದ ಕಾಲುವೆಗಳನ್ನು ತೋಡಿ, ಕ್ಯಾಸ್ಕೇಡ್ ನದಿಗೆ ಅಣೆಕಟ್ಟು ಕಟ್ಟಲಾಯಿತು. ತೊಳೆದುಳಿದ ಮರಳು ರಿಂಗರೂಮಾ ನದಿಯನ್ನು ಸೇರಿ ಅದರ ಪಾತ್ರದಲ್ಲಿ ಹೂಳು ತುಂಬಿತು.

1929ರ ದುರಂತ

1929ರ ಏಪ್ರಿಲ್ 4ರಂದು ಒಂದೂವರೆ ಗಂಟೆಯ ಅವಧಿಯಲ್ಲಿ ಸುಮಾರು 125 ಮಿ.ಮೀ. ಮಳೆ ಸುರಿದು ಅಣೆಕಟ್ಟು ಒಡೆಯಿತು. ಕಣಿವೆಯಲ್ಲಿ ನುಗ್ಗಿದ ಪ್ರವಾಹಕ್ಕೆ ಹದಿನಾಲ್ಕು ಮಂದಿ ಬಲಿಯಾದರು; ಗಣಿ ನೀರಿನಲ್ಲಿ ಮುಳುಗಿತು. ಅದೇ ದಿನಗಳ ಮಳೆಯಿಂದ ಲಾನ್ಸೆಸ್ಟನ್ ನಗರವೂ ಜಲಾವೃತವಾಯಿತು. ಕೆಲವು ವರ್ಷಗಳ ನಂತರ ಗಣಿ ಮತ್ತೆ ಆರಂಭವಾದರೂ ಹಿಂದಿನ ಉತ್ಪಾದನೆ ಮರಳಲಿಲ್ಲ. 1948ರಲ್ಲಿ ಅದು ಮುಚ್ಚಿತು. ದುಡಿಮೆ ಅರಸಿ ಜನರು ಊರು ಬಿಟ್ಟರು. ಒಂದು ಕಾಲದಲ್ಲಿ ಸಾವಿರಾರು ಜನರಿದ್ದ ಡರ್ಬಿಯಲ್ಲಿ ಈ ಶತಮಾನದ ಆರಂಭದ ವೇಳೆಗೆ ಉಳಿದವರು ಕೆಲವೇ ನೂರರಷ್ಟು. ಗಣಿಯ ದೊಡ್ಡ ಹೊಂಡ ಇಂದು ಕೆರೆಯಾಗಿದೆ.

ಚೀನೀ ಗಣಿ ಕಾರ್ಮಿಕರು

ತವರದ ಗಣಿಗಳಿಗೆ ದಕ್ಷಿಣ ಚೀನಾದಿಂದಲೂ ದೊಡ್ಡ ಸಂಖ್ಯೆಯಲ್ಲಿ ಕಾರ್ಮಿಕರು ಬಂದಿದ್ದರು. ಸಮೀಪದ ವೆಲ್ಡ್‌ಬರೋ ಅವರ ಮುಖ್ಯ ನೆಲೆಯಾಗಿತ್ತು. ಅಲ್ಲಿ ಅವರು ಪೂಜಿಸುತ್ತಿದ್ದ ದೇವಾಲಯದ ಸಾಮಗ್ರಿಗಳನ್ನು ಲಾನ್ಸೆಸ್ಟನ್ನಿನ ಕ್ವೀನ್ ವಿಕ್ಟೋರಿಯಾ ವಸ್ತುಸಂಗ್ರಹಾಲಯದಲ್ಲಿ ಸಂರಕ್ಷಿಸಲಾಗಿದೆ. ಈ ಸಮೂಹದ ದೀರ್ಘ ಪಥಗಳಲ್ಲೊಂದಾದ 'ಬ್ಲೂ ಟಿಯರ್' ಎತ್ತರದ ಪ್ರಸ್ಥಭೂಮಿಯಲ್ಲಿ, ನಿರ್ಜನವಾಗಿರುವ ಪೊಯಿಮೆನಾ ಎಂಬ ಗಣಿ ಊರಿನ ಬಳಿ ಆರಂಭವಾಗಿ ವೆಲ್ಡ್‌ಬರೋ ಕಡೆಗೆ ಇಳಿಯುತ್ತದೆ.

ಪಥಗಳ ರಚನೆ

ಡಾರ್ಸೆಟ್ ಮತ್ತು ಬ್ರೇಕ್ ಓ ಡೇ ಎಂಬ ಎರಡು ಸ್ಥಳೀಯ ಆಡಳಿತಗಳು ಸರ್ಕಾರದ ಅನುದಾನದಿಂದ ಈ ಯೋಜನೆಯನ್ನು ಕೈಗೊಂಡವು. ಮಳೆನೀರು ಹಾದಿಯಲ್ಲಿ ಹರಿದು ಮಣ್ಣು ಕೊಚ್ಚಿಹೋಗದಂತೆ ಪಥಗಳನ್ನು ಇಳಿಜಾರಿಗೆ ಅಡ್ಡವಾಗಿ, ಹೊರಬದಿಗೆ ತುಸು ಬಾಗಿರುವಂತೆ ರೂಪಿಸುವುದು ಇಂಥ ಕಾಮಗಾರಿಯ ಮೂಲತತ್ತ್ವ. ಸವಾರರ ಅನುಕೂಲಕ್ಕಾಗಿ ಸುಲಭ ಹಾದಿಗೆ ಹಸಿರು, ಮಧ್ಯಮಕ್ಕೆ ನೀಲಿ, ಕಠಿಣಕ್ಕೆ ಕಪ್ಪು ಗುರುತು ಇರುತ್ತದೆ. ಬೃಹತ್ ಗ್ರಾನೈಟ್ ಬಂಡೆಗಳು, ಮರಜರೀಗಿಡಗಳು ಹಾಗೂ ಮಿರ್ಟಲ್ ಮರಗಳು ಇಲ್ಲಿನ ಹಾದಿಗಳ ವಿಶೇಷ. 'ಕ್ರುಷ್ಕಾಸ್' ಎಂಬ ಪಥದ ಹೆಸರು ತವರ ಪತ್ತೆ ಮಾಡಿದ ಸಹೋದರರನ್ನು ನೆನಪಿಸುತ್ತದೆ. 2017, 2019 ಮತ್ತು 2023ರಲ್ಲಿ ಎಂಡ್ಯೂರೋ ವಿಭಾಗದ ಜಾಗತಿಕ ಸರಣಿಯ ಸ್ಪರ್ಧೆಗಳು ಡರ್ಬಿಯಲ್ಲಿ ನಡೆದವು.

ಪರಿಣಾಮ ಮತ್ತು ವಿವಾದ

ಪಥಗಳು ಬಂದ ನಂತರ ಬೀಗ ಹಾಕಿದ್ದ ಮನೆಗಳು ವಸತಿಗೃಹಗಳಾದವು. ಸೈಕಲ್ ಅಂಗಡಿ, ಉಪಾಹಾರ ಮಂದಿರಗಳು ತೆರೆದವು. ಜೊತೆಗೆ ಮನೆಗಳ ಬೆಲೆಯೂ ಏರಿತು. ಪಥಗಳ ಸುತ್ತಲಿನ ನೈಸರ್ಗಿಕ ಅರಣ್ಯದ ಕೆಲವು ಭಾಗಗಳು ಮರಮುಟ್ಟಿಗಾಗಿ ಮೀಸಲಾದ ಸರ್ಕಾರಿ ಭೂಮಿಯಲ್ಲಿವೆ. ಅಲ್ಲಿ ಮರ ಕಡಿಯುವುದನ್ನು ವಿರೋಧಿಸಿ ಪರಿಸರವಾದಿಗಳು ಹಾಗೂ ಕೆಲವು ಸವಾರರು 2020ರ ದಶಕದ ಆರಂಭದಲ್ಲಿ ಪ್ರತಿಭಟನೆ ನಡೆಸಿದರು. ಮರಮುಟ್ಟಿನ ಉದ್ಯಮವೂ ಈ ಭಾಗದ ಹಳೆಯ ಜೀವನೋಪಾಯಗಳಲ್ಲೊಂದು. ಹೀಗಾಗಿ ಅರಣ್ಯದಿಂದ ಬರುವ ಆದಾಯ ಮರ ಕಡಿಯುವುದರಿಂದ ಬರಬೇಕೇ ಅಥವಾ ಮರಗಳನ್ನು ಉಳಿಸಿಕೊಂಡು ನಡೆಸುವ ಪ್ರವಾಸೋದ್ಯಮದಿಂದ ಬರಬೇಕೇ ಎಂಬುದು ಇಲ್ಲಿನ ಚರ್ಚೆಯ ತಿರುಳಾಗಿದೆ.